ಒಂದು ಕಪ್ಪು ಚಹಾ

ಧಾರವಾಡದ ಹೋಟೆಲಿನಲ್ಲಿ ಕೂತು ‘ಒಂದು ಕಪ್ಪು ಚಹಾ ಕೊಡ್ರಿ’ ಎಂದರೆ ಹಾಲು ಹಾಕಿ ಕುದಿಸಿದ ಚಹಾವೇ ಬರುತ್ತದೆ. ತರುವ ಹುಡುಗನ ತಪ್ಪೇನಿಲ್ಲ. ನಮ್ಮಲ್ಲಿ ಕಪ್ಪು ಎಂದರೆ ಬಣ್ಣವೂ ಹೌದು, ಬಸಿಯ ಜೋಡಿಯೂ ಹೌದು. ಹಾಲಿಲ್ಲದ್ದು ಬೇಕಾದರೆ ‘ಬ್ಲ್ಯಾಕ್ ಟೀ’ ಎಂದು ಇಂಗ್ಲಿಷಿನಲ್ಲೇ ಕೇಳಬೇಕು. ಕರಾವಳಿಯಲ್ಲಿ ಈ ತೊಡಕಿಲ್ಲ. ಪುತ್ತೂರಿನ ಕಡೆಯ ಗೆಳೆಯರ ಮನೆಯಲ್ಲಿ ಒಮ್ಮೆ ಹಾಲು ಒಡೆದುಹೋದಾಗ ಅವರ ತಾಯಿ ಅಡುಗೆಮನೆಯಿಂದಲೇ ಕೇಳಿದ್ದರು: ‘ಹಾಲು ಕೆಟ್ಟಿತು ಮಾರಾಯ್ರೆ, ಕಣ್ಣ ಚಾ ಆದೀತಾ?’

ಆದೀತು ಎಂದೆ. ಆದರೆ ಚಹಾ ಮಾಡುವವರ, ಮಾರುವವರ ಭಾಷೆಯಲ್ಲಿ ಹಾಲಿಗೂ ಕಪ್ಪಿಗೂ ಸಂಬಂಧವೇ ಇಲ್ಲ. ಧಾರವಾಡದ ಹುಡುಗ ತಂದದ್ದೂ ಕಪ್ಪು ಚಹಾವೇ, ಪುತ್ತೂರಿನದೂ ಕಪ್ಪು ಚಹಾವೇ. ನಾವು ನೀವು ದಿನಾ ಕುಡಿಯುವ ಪುಡಿ ಮುಕ್ಕಾಲು ಮೂರುಪಾಲು ಕಪ್ಪು ಚಹಾವೇ. ಹೆಸರು ಎಲೆಗೆ ಮಾಡಿದ ಸಂಸ್ಕಾರಕ್ಕೆ ಬಂದದ್ದು. ಅದರಲ್ಲೂ ಜಗಳವಿದೆ. ಒಣಗಿದ ಎಲೆ ನೋಡಿ ಇಂಗ್ಲಿಷರು ಇದನ್ನು ಕಪ್ಪು ಎಂದರು. ಲೋಟದೊಳಗಿನ ರಸ ನೋಡಿ ಚೀನೀಯರು ‘ಹೊಂಗ್ ಚಾ’, ಅಂದರೆ ಕೆಂಪು ಚಹಾ ಎಂದರು. ಚೀನೀಯರು ಕಪ್ಪು ಎಂದು ಕರೆಯುವ ಚಹಾ ಬೇರೆಯೇ ಇದೆ. ಅದು ಸೂಕ್ಷ್ಮಜೀವಿಗಳಿಂದ ತಿಂಗಳುಗಟ್ಟಲೆ, ವರ್ಷಗಟ್ಟಲೆ ಹುದುಗುವ, ಒದ್ದೆ ಮಣ್ಣಿನ ವಾಸನೆಯ ಪದಾರ್ಥ. ನನ್ನನ್ನು ಕೇಳಿದರೆ ಈ ವಿಷಯದಲ್ಲಿ ಚೀನೀಯರೇ ಸರಿ. ಹಾಲಿಲ್ಲದ ಒಳ್ಳೆಯ ಚಹಾವನ್ನು ಗಾಜಿನ ಲೋಟಕ್ಕೆ ಬಸಿದು ಕಿಟಕಿಯ ಬೆಳಕಿಗೆ ಹಿಡಿಯಿರಿ, ಅದರಲ್ಲಿ ಕಪ್ಪು ಎಲ್ಲಿದೆ ಹೇಳಿ.

ಬದನೆಕಾಯಿ ಹೆಚ್ಚಿದವರಿಗೆಲ್ಲ ಈ ಸಂಸ್ಕಾರದ ರಸಾಯನಶಾಸ್ತ್ರ ಅರ್ಧ ಗೊತ್ತು. ಹೋಳುಗಳನ್ನು ನೀರಿಗೆ ಹಾಕದೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕಂದುಗಟ್ಟುತ್ತವೆ. ಬಾಳೆದಿಂಡನ್ನು ಹೆಚ್ಚುತ್ತ ಹೆಚ್ಚುತ್ತಲೇ ಮಜ್ಜಿಗೆ ನೀರಿಗೆ ಹಾಕುವುದೂ ಇದಕ್ಕೇ. ಸಸ್ಯದ ಜೀವಕೋಶದೊಳಗೆ ಒಗರಿನ ಪಾಲಿಫಿನಾಲ್‌ಗಳು ಒಂದು ಕೋಣೆಯಲ್ಲಿ, ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇನ್ನೊಂದು ಕೋಣೆಯಲ್ಲಿ ತಮ್ಮ ಪಾಡಿಗೆ ತಾವಿರುತ್ತವೆ. ಈಳಿಗೆಮಣೆಯ ಏಟಿಗೆ ನಡುವಿನ ಗೋಡೆ ಬಿದ್ದಾಗ ಎರಡೂ ಕೂಡಿಕೊಂಡು, ಗಾಳಿಯ ಆಮ್ಲಜನಕವನ್ನೂ ಸೇರಿಸಿಕೊಂಡು ಬಣ್ಣ ತಿರುಗಿಸುತ್ತವೆ. ಅಡುಗೆಯವರು ಇದನ್ನು ತಡೆಯಲು ನೋಡುತ್ತಾರೆ. ಕಪ್ಪು ಚಹಾ ಮಾಡುವವರು ಬೇಕೆಂದೇ ಆಗಗೊಡುತ್ತಾರೆ. ಎಲೆಗೆ ಎಷ್ಟು ಏಟು ಕೊಡಬೇಕು, ಏಟು ಬಿದ್ದ ಎಲೆಯನ್ನು ಎಷ್ಟು ಹೊತ್ತು ಹಾಗೇ ಬಿಡಬೇಕು, ಯಾವಾಗ ಬೆಂಕಿ ತೋರಿಸಿ ನಿಲ್ಲಿಸಬೇಕು ಎನ್ನುವುದರಲ್ಲೇ ಅವರ ಕಸುಬೆಲ್ಲ ಅಡಗಿದೆ. ಕಿತ್ತ ಎಲೆಯನ್ನು ಕೂಡಲೇ ಬಾಣಲೆಯಲ್ಲಿ ಹುರಿದೋ ಹಬೆಯಲ್ಲಿ ಬೇಯಿಸಿಯೋ ಆ ಕಿಣ್ವವನ್ನು ಕೊಂದುಬಿಟ್ಟರೆ ಅದೇ ಎಲೆ ಹಸಿರು ಚಹಾ. ಗಿಡ ಒಂದೇ, ಕೆಮೀಲಿಯಾ ಸೈನೆನ್ಸಿಸ್.

ಗಿಡ ಒಂದೇ ಎನ್ನುವುದು ಯುರೋಪಿಗೆ ಬಹುಕಾಲ ಗೊತ್ತಿರಲಿಲ್ಲ. ಗಿಡಮರಗಳಿಗೆಲ್ಲ ಹೆಸರಿಟ್ಟ ಲಿನೇಯಸ್‌ನಂಥವನೇ 1762ರಲ್ಲಿ ಹಸಿರಿಗೊಂದು, ಕಪ್ಪಿಗೊಂದು ಎಂದು ಎರಡು ಪ್ರಭೇದಗಳನ್ನು ಹೆಸರಿಸಿದ್ದ. ಅದನ್ನು ಬಿಡಿಸಿ ಹೇಳಿದವನು ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟ್ಲೆಂಡಿನ ತೋಟಗಾರ. 1848ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಂಬಳ ತೆಗೆದುಕೊಂಡು, ತಲೆ ಬೋಳಿಸಿ ಜಡೆ ಕಟ್ಟಿಕೊಂಡು, ಚೀನೀ ವೇಷದಲ್ಲಿ ಒಳನಾಡಿಗೆ ನುಗ್ಗಿದ ಅವನು ಸಸಿ, ಬೀಜಗಳ ಜೊತೆಗೆ ಚಹಾ ಮಾಡಬಲ್ಲ ಕೆಲಸಗಾರರನ್ನೂ ಹಿಮಾಲಯದ ಬುಡಕ್ಕೆ ಸಾಗಿಸಿದ. ಸಸ್ಯಶಾಸ್ತ್ರ ಎನ್ನಿ, ಕಳ್ಳತನ ಎನ್ನಿ. ರಫ್ತಿಗೆ ಹೋಗುವ ಹಸಿರು ಚಹಾ ಇನ್ನಷ್ಟು ಹಸಿರಾಗಿ ಕಾಣಲೆಂದು ಅದಕ್ಕೆ ಪ್ರಷ್ಯನ್ ನೀಲಿ ಬಣ್ಣ, ಜಿಪ್ಸಮ್ ಬೆರೆಸುವುದನ್ನೂ ಅವನು ಕಣ್ಣಾರೆ ಕಂಡು ಬರೆದ. ಚಹಾಪುಡಿಯ ಕಲಬೆರಕೆ ಇವತ್ತಿನ ರೋಗವೇನಲ್ಲ.

ಫಾರ್ಚೂನ್ ಹೋಗಿದ್ದ ಊರುಗಳಲ್ಲಿ ಫೂಜಿಯನ್ ಪ್ರಾಂತ್ಯದ ವೂಯಿ ಬೆಟ್ಟಗಳೂ ಸೇರಿವೆ. ಕಪ್ಪು ಚಹಾದ ತವರು ಅದೇ. ಅಲ್ಲಿನ ಟೋಂಗ್‌ಮು ಎಂಬ ಹಳ್ಳಿಯವರು ಹೇಳುವ ಕತೆ ಹೀಗಿದೆ: ಹದಿನೇಳನೆಯ ಶತಮಾನದಲ್ಲಿ ಸೈನ್ಯವೊಂದು ಹಳ್ಳಿಯಲ್ಲಿ ಬೀಡುಬಿಟ್ಟಿತು, ಕಿತ್ತ ಎಲೆಯನ್ನು ಹುರಿಯಲಾಗದೆ ಅದು ಗುಡ್ಡೆ ಬಿದ್ದಲ್ಲೇ ಕೆಂಪಾಯಿತು, ಸೈನ್ಯ ಹೋದಮೇಲೆ ಹಾಳಾದ ಎಲೆಯನ್ನು ಪೈನ್ ಸೌದೆಯ ಬೆಂಕಿಯಲ್ಲಿ ಅವಸರವಾಗಿ ಒಣಗಿಸಿ ಸಿಕ್ಕ ರೇಟಿಗೆ ಮಾರಿದರು, ಕೊಂಡವರು ಮರುವರ್ಷ ಅದೇ ಬೇಕೆಂದು ಬಂದರು. ಇಂಥ ಕತೆಗಳನ್ನು ಪೂರ್ತಿ ನಂಬಬೇಕಾಗಿಲ್ಲ. ಮೊಸರಿಗೂ ಇದೆ, ಹೆಂಡಕ್ಕೂ ಇದೆ ಇಂಥದೊಂದು ಕತೆ. ಆದರೆ ಆ ಹೊಗೆಯ ಚಹಾ ಇಂದಿಗೂ ಲ್ಯಾಪ್ಸಾಂಗ್ ಸೂಶಾಂಗ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಡಬ್ಬಿ ತೆಗೆದರೆ ಮಲೆನಾಡಿನ ಬಚ್ಚಲೊಲೆಯ ಎದುರು ಕೂತಂತಾಗುತ್ತದೆ. ನನಗೆ ವರ್ಷಕ್ಕೆ ಎರಡು ಸಲ ಸಾಕು, ಅದೂ ಮಳೆ ಹಿಡಿದ ದಿನ.

ವೂಯಿ ಎನ್ನುವ ಹೆಸರೇ ಯುರೋಪಿನವರ ಬಾಯಲ್ಲಿ ‘ಬೋಹಿ’ ಆಯಿತು. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಅಮೆರಿಕನ್ನರು ಸಮುದ್ರಕ್ಕೆ ಸುರಿದ 342 ಪೆಟ್ಟಿಗೆಗಳಲ್ಲಿ ಬಹುಪಾಲು ಇದೇ ಬೋಹಿ. ಚಹಾದ ಹೆಸರುಗಳೂ ಚೀನಾದಿಂದಲೇ ಎರಡು ದಾರಿ ಹಿಡಿದು ಹೊರಟವು. ‘ಚಾ’ ಪೋರ್ಚುಗೀಸರ ಹಡಗನ್ನೂ ಪರ್ಷಿಯದ ಒಂಟೆಯನ್ನೂ ಏರಿತು. ಫೂಜಿಯನ್ನಿನ ಕಡಲ ಕರೆಯ ‘ತೆ’ ಡಚ್ಚರ ಜೊತೆ ಹೋಗಿ ಇಂಗ್ಲಿಷಿನಲ್ಲಿ ‘ಟೀ’ ಆಯಿತು. ಕನ್ನಡಿಗರು ಎರಡನ್ನೂ ಇಟ್ಟುಕೊಂಡೆವು. ಬೆಳಗಾವಿ, ಧಾರವಾಡದಲ್ಲಿ ಚಹಾ, ಮಂಗಳೂರಿನಲ್ಲಿ ಚಾ, ಮೈಸೂರಿನಲ್ಲಿ ಟೀ. ಯಾರು ಯಾವ ಕಡೆಯವರೆಂದು ತಿಳಿಯಲು ಜಾತಿ ಕೇಳಬೇಕಿಲ್ಲ, ಏನು ಕುಡಿಯುತ್ತೀರಿ ಎಂದರೆ ಸಾಕು.

ಭಾರತದ ಮಟ್ಟಿಗೆ ಈ ಕತೆ ಅಸ್ಸಾಮಿನ ಕಾಡಿನಲ್ಲಿ ಶುರುವಾಗುತ್ತದೆ. ಸಿಂಗ್‌ಫೋ ಬುಡಕಟ್ಟಿನವರು ಅಲ್ಲಿನ ಕಾಡುಗಿಡದ ಎಲೆಯನ್ನು ಹುರಿದು, ಬಿದಿರಿನ ಕೊಳವೆಯಲ್ಲಿ ಒತ್ತಿ ತುಂಬಿ, ಒಲೆಯ ಮೇಲಿನ ಹೊಗೆಗಿಟ್ಟು ಬಳಸುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ವ್ಯಾಪಾರಿಗೆ ಈ ಗಿಡದ ಸುಳಿವು ಕೊಟ್ಟವರು ಮಣಿರಾಮ್ ದಿವಾನ್. ಚೀನಾದಿಂದ ಚಹಾ ಕೊಂಡು ಕೊಂಡು ಬೆಳ್ಳಿ ಕರಗಿಸಿಕೊಂಡಿದ್ದ, ಆ ಬೆಳ್ಳಿ ಹೊಂದಿಸಲು ಅಫೀಮು ಮಾರುತ್ತಿದ್ದ ಇಂಗ್ಲಿಷರಿಗೆ ತಮ್ಮದೇ ನೆಲದಲ್ಲಿ ಗಿಡ ಸಿಕ್ಕಿದ್ದು ಎಂಥ ಹಬ್ಬ ಎಂದು ಬೇರೆ ಹೇಳಬೇಕಿಲ್ಲ. 1839ರ ಜನವರಿ 10ರಂದು ಲಂಡನ್ನಿನಲ್ಲಿ ಅಸ್ಸಾಂ ಚಹಾದ ಮೊದಲ ಹರಾಜು ನಡೆಯಿತು. ಅದೇ ವರ್ಷ ಅಸ್ಸಾಂ ಕಂಪನಿ ಹುಟ್ಟಿತು. ಮಣಿರಾಮ್ ಆ ಕಂಪನಿಯ ದಿವಾನರಾಗಿದ್ದು, ಆಮೇಲೆ ಸ್ವಂತ ತೋಟ ಮಾಡಿದವರು, ಚಹಾ ತೋಟ ಮಾಡಿದ ಮೊದಲ ಭಾರತೀಯರಲ್ಲಿ ಒಬ್ಬರು. 1857ರ ಬಂಡಾಯಕ್ಕೆ ಕೈಜೋಡಿಸಿದರೆಂದು 1858ರ ಫೆಬ್ರವರಿ 26ರಂದು ಜೋರ್ಹಾಟ್‌ನಲ್ಲಿ ಅವರನ್ನು ಗಲ್ಲಿಗೇರಿಸಿದರು. ಮುಂದೆ ತೋಟಗಳಿಗೆ ಛೋಟಾ ನಾಗಪುರದ ಕಡೆಯಿಂದ ಕರಾರಿನ ಕೂಲಿಗಳು ಬಂದರು, ಓಡಿಹೋದವರನ್ನು ಹಿಡಿಯುವ ಅಧಿಕಾರ 1865ರ ಕಾಯ್ದೆಯಲ್ಲಿ ತೋಟದ ಮಾಲೀಕರ ಕೈಗೇ ಬಂತು. ಎಲೆಗೆ ಬಿದ್ದ ಏಟಿನ ಬಗ್ಗೆ ಬರೆಯುವಾಗ ಅವರ ಬೆನ್ನಿಗೆ ಬಿದ್ದದ್ದನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ.

ಏಟು ಎನ್ನುವುದನ್ನು ನಾನು ಕಣ್ಣಾರೆ ನೋಡಿದ್ದು ನೀಲಗಿರಿಯ ಕೋಟಗಿರಿಯ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ. ಸುತ್ತಲಿನ ಸಣ್ಣ ತೋಟಗಳವರು ಮೂಟೆಯಲ್ಲಿ ತಂದ ಎಲೆಯನ್ನು ಕೊಂಡು ಚಹಾ ಮಾಡುವ ಜಾಗ. ಆ ಸಣ್ಣ ಬೆಳೆಗಾರರಲ್ಲಿ ಬಹಳ ಮಂದಿ ಬಡಗರು. ಬಡಗು ಎಂದರೆ ಉತ್ತರ ಎಂದು ನಮಗೆ ಹೇಳಿಕೊಡಬೇಕಿಲ್ಲ. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ತಾವೆಂದು ಅವರೇ ಹೇಳುತ್ತಾರೆ. ಅವರ ಮಾತಿಗೆ ಸ್ವಲ್ಪ ಕಿವಿಗೊಟ್ಟರೆ ಹಳಗನ್ನಡ ಓದಿದ ನೆನಪು ಮರುಕಳಿಸುತ್ತದೆ. ಮೊದಲ ಮಹಡಿಯಲ್ಲಿ ಮಾರುದ್ದದ ತೊಟ್ಟಿಗಳು, ಅವುಗಳ ಬಲೆಯ ಮೇಲೆ ಎರಡೆಲೆ ಒಂದು ಕುಡಿಯ ರಾಶಿ, ಕೆಳಗಿನಿಂದ ಫ್ಯಾನಿನ ಗಾಳಿ. ರಾತ್ರಿಯಿಡೀ ಹೀಗೆ ಬಾಡಿದ ಎಲೆ ಬೆಳಗ್ಗೆ ಬಟ್ಟೆಯಂತೆ ಮೆತ್ತಗಾಗಿರುತ್ತದೆ. ಮುಷ್ಟಿ ಹಿಡಿದು ಬಿಟ್ಟರೆ ಮುರಿಯುವುದಿಲ್ಲ. ಆಮೇಲೆ ಹೊಸೆಯುವ ಯಂತ್ರ. ಎರಡು ಹಿತ್ತಾಳೆಯ ತಟ್ಟೆಗಳ ನಡುವೆ ಎಲೆಯನ್ನು ಅಂಗೈಯಲ್ಲಿ ಹೊಸೆದ ಹಾಗೆ ಹೊಸೆಯುತ್ತದೆ, ರಸ ಮೇಲೆ ಬರುತ್ತದೆ.

ಹೊಸೆದ ಎಲೆಯನ್ನು ತಂಪು ಕೋಣೆಯಲ್ಲಿ ಹರವಿದ್ದರು. ಅಲ್ಲಿದ್ದ ಹಿರಿಯರು, ಟೀ ಮೇಕರ್ ಎಂದು ಅವರ ಹುದ್ದೆ, ಹತ್ತು ನಿಮಿಷಕ್ಕೊಮ್ಮೆ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿಯುತ್ತಿದ್ದರು. ನನ್ನ ಮೂಗಿಗೂ ಹಿಡಿದರು. ಮೊದಲು ಆಗತಾನೆ ಕೊಯ್ದ ಹುಲ್ಲಿನ ಘಮ. ಅರ್ಧ ಗಂಟೆ ಬಿಟ್ಟು ಮತ್ತೆ ಕರೆದಾಗ ಮಾಗಿದ ಸೇಬು. ಹಸಿರು ಹೋಗಿ ಎಲೆ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿನ ಬಣ್ಣಕ್ಕೆ ಬಂದಿತ್ತು. ಗೋಡೆಯ ಮೇಲೆ ಗಡಿಯಾರ, ಥರ್ಮಾಮೀಟರ್ ಎರಡೂ ಇದ್ದವು, ಅವರು ಅತ್ತ ನೋಡಿದ್ದನ್ನು ನಾನು ಕಾಣೆ. ಮತ್ತೊಮ್ಮೆ ಮೂಸಿ, ತಲೆ ಅಲ್ಲಾಡಿಸಿದರು. ಹುಡುಗರು ಎಲೆಯನ್ನು ಬಿಸಿಗಾಳಿಯ ಡ್ರೈಯರಿಗೆ ತಳ್ಳಿದರು. ಕಿಣ್ವದ ಕೆಲಸ ಅಲ್ಲಿಗೆ ಮುಗಿಯಿತು. ಹೊರಬರುವಾಗ ಎಲೆಯಲ್ಲಿ ಉಳಿದಿರುವ ತೇವ ನೂರಕ್ಕೆ ಮೂರರಷ್ಟು. ನಾಲ್ಕರಿಂದ ಐದು ಕಿಲೋ ಹಸಿ ಎಲೆಗೆ ಒಂದು ಕಿಲೋ ಚಹಾ.

ಈ ಹರವಿಟ್ಟ ಹೊತ್ತನ್ನು ಕಾರ್ಖಾನೆಯವರು ಫರ್ಮೆಂಟೇಶನ್ ಎನ್ನುತ್ತಾರೆ. ಇಡ್ಲಿ ಹಿಟ್ಟಿನ ಹುದುಗಿಗೂ ಇದಕ್ಕೂ ನಂಟಿಲ್ಲ, ಇಲ್ಲಿ ಸೂಕ್ಷ್ಮಜೀವಿಗಳ ಪಾತ್ರವಿಲ್ಲ. ಹಸಿ ಎಲೆಯ ಕ್ಯಾಟೆಚಿನ್‌ಗಳು ಕೂಡಿ ಕೂಡಿ ಥಿಯಾಫ್ಲಾವಿನ್, ಥಿಯಾರುಬಿಜಿನ್ ಎಂಬ ದೊಡ್ಡ ಅಣುಗಳಾಗುತ್ತವೆ. ಮೊದಲನೆಯದು ಹೊನ್ನಿನ ಬಣ್ಣ ಮತ್ತು ನಾಲಗೆಗೆ ಚುರುಕು ಕೊಡುತ್ತದೆ, ಎರಡನೆಯದು ಕೆಂಪು ಮತ್ತು ಗಾಢತೆ. ಬೇಗ ನಿಲ್ಲಿಸಿದರೆ ಚಹಾ ಹಸಿಹಸಿ, ತಡಮಾಡಿದರೆ ಸಪ್ಪೆ. ಆ ಹಿರಿಯರ ಮೂಗಿಗೆ ಸಂಬಳ ಕೊಡುವುದು ಇದಕ್ಕೆ.

1930ರಲ್ಲಿ ಅಸ್ಸಾಮಿನ ಅಮ್‌ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಎಂಬಾತ ಈ ನಾಜೂಕಿಗೆಲ್ಲ ಅಡ್ಡದಾರಿ ಕಂಡುಹಿಡಿದ. ಹಲ್ಲುಗಳಿರುವ ಎರಡು ಉರುಳೆಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ, ನಡುವೆ ಸಿಕ್ಕ ಎಲೆ ಜಜ್ಜಿ, ಹರಿದು, ಸುರುಳಿಗೊಂಡು ಕಾಳಾಗಿ ಬೀಳುತ್ತದೆ. ಆ ಮೂರು ಕ್ರಿಯೆಗಳ ಇಂಗ್ಲಿಷ್ ಮೊದಲಕ್ಷರಗಳೇ ನಿಮ್ಮ ಮನೆಯ ಪೊಟ್ಟಣದ ಮೇಲಿರುವ ಸಿಟಿಸಿ. ಹಳೆಯ ಹೊಸೆಯುವ ಪದ್ಧತಿಯ ಚಹಾಕ್ಕೆ ಈಗ ಆರ್ಥೊಡಾಕ್ಸ್ ಎಂಬ ಮಡಿವಂತ ಹೆಸರು. ಸಿಟಿಸಿ ಎಲೆಗೆ ಕೋಶಕೋಶಕ್ಕೂ ಏಟು ಬಿದ್ದಿರುತ್ತದೆ. ಬೇಗ ಕೆಂಪಾಗುತ್ತದೆ, ಕುದಿಯುವ ನೀರಿಗೆ ಬಿದ್ದ ಕ್ಷಣ ಇದ್ದಬದ್ದದ್ದನ್ನೆಲ್ಲ ಬಿಟ್ಟುಕೊಡುತ್ತದೆ. ಪರಿಮಳ ಕಡಿಮೆ, ಕಸುವು ಜಾಸ್ತಿ. ಹಾಲು, ಸಕ್ಕರೆ, ಶುಂಠಿ ಎಲ್ಲವನ್ನೂ ಹೊತ್ತುಕೊಂಡು ನಿಲ್ಲಬಲ್ಲ ಚಹಾ ಇದೊಂದೇ. ಭಾರತದಲ್ಲಿ ತಯಾರಾಗುವ ಚಹಾದಲ್ಲಿ ಬಹುಪಾಲು ಇದೇ. ದಕ್ಷಿಣದಲ್ಲಿ ನಾವು ಅದರಲ್ಲೂ ಡಸ್ಟ್ ಎಂಬ ನುಣ್ಣನೆಯ ದರ್ಜೆಗೆ ಒಲಿದವರು, ಬಟ್ಟೆಯ ಸೋಸಣಿಗೆಯಲ್ಲಿ ಅದು ಗಟ್ಟಿ ಡಿಕಾಕ್ಷನ್ ಇಳಿಸುತ್ತದೆ. ಡಸ್ಟ್ ಎಂದರೆ ಕಸ ಗುಡಿಸಿದ್ದು ಎಂದು ಮೂಗು ಮುರಿಯುವವರಿದ್ದಾರೆ. ಅದು ಕಾಳಿನ ಗಾತ್ರದ ಹೆಸರು, ಅಷ್ಟೆ. ಒಳ್ಳೆಯ ಡಸ್ಟ್ ಇದೆ, ಕೆಟ್ಟ ಡಸ್ಟ್ ಇದೆ.

ಇಂಥ ಚಹಾವನ್ನು ಭಾರತೀಯರಿಗೆ ಅಭ್ಯಾಸ ಮಾಡಿಸಲು ತೋಟದವರು ಬೆವರು ಸುರಿಸಿದ್ದಾರೆ. 1903ರಲ್ಲಿ ಚಹಾ ರಫ್ತಿನ ಮೇಲೆ ಸೆಸ್ ಹಾಕಿ ಪ್ರಚಾರಕ್ಕೆ ಹಣ ಕೂಡಿಸಿದರು. 1930ರ ದಶಕದ ಹೊತ್ತಿಗೆ ರೈಲು ನಿಲ್ದಾಣ, ಸಂತೆ, ಗಿರಣಿಗಳಲ್ಲೆಲ್ಲ ಚಹಾ ಮಾಡಿ ತೋರಿಸುವವರಿದ್ದರು. ಎಲೆಯನ್ನು ಕುದಿಸಬೇಡಿ, ಬಿಸಿನೀರಲ್ಲಿ ನೆನೆಸಿ ಬಸಿಯಿರಿ ಎಂದು ಪೋಸ್ಟರ್ ಅಂಟಿಸಿದರು. ಜನ ಚಹಾ ಹಿಡಿದುಕೊಂಡರು, ಪೋಸ್ಟರನ್ನು ಬಿಟ್ಟರು. ಎಲ್ಲ ಒಟ್ಟಿಗೆ ಹಾಕಿ ಕುದಿಸಿದರು. ಇವತ್ತು ಭಾರತ ವರ್ಷಕ್ಕೆ ಬೆಳೆಯುವ ಸುಮಾರು 130 ಕೋಟಿ ಕಿಲೋ ಚಹಾದಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ನಾವೇ ಕುಡಿಯುತ್ತೇವೆ. ಕುದಿಸಿಯೇ ಕುಡಿಯುತ್ತೇವೆ.

ಹಾಲು ಹಾಕಿದಾಗ ಏನಾಗುತ್ತದೆ ಎಂದರೆ ಹಾಲಿನ ಕೇಸಿನ್ ಎಂಬ ಪ್ರೋಟೀನು ಚಹಾದ ಒಗರನ್ನು ತಬ್ಬಿಕೊಂಡುಬಿಡುತ್ತದೆ, ನಾಲಗೆಗೆ ಅಂಟಲು ಬಿಡುವುದಿಲ್ಲ. ಒಳ್ಳೆಯದೇ. ಆದರೆ ಊರಿನ ಗುರುತೂ ಅಲ್ಲಿಗೆ ಅಳಿಸಿಹೋಗುತ್ತದೆ. ಅದಕ್ಕೇ ಆರ್ಥೊಡಾಕ್ಸ್ ಎಲೆ ಸಿಕ್ಕಾಗಲಾದರೂ ಹಾಲನ್ನು ಫ್ರಿಜ್ಜಿನಲ್ಲೇ ಬಿಡಿ ಎನ್ನುವುದು ನನ್ನ ಹಟ. ಅಸ್ಸಾಮಿನ ಮೇ, ಜೂನ್ ತಿಂಗಳ ಎರಡನೇ ಫಸಲಿನ ಚಹಾದಲ್ಲಿ ಮಾಲ್ಟಿನ ಘಮ ಎಂದು ಪಂಡಿತರು ಬರೆಯುತ್ತಾರೆ. ನಮಗೆ ಸುಲಭ, ಮೊಳಕೆ ಕಟ್ಟಿದ ರಾಗಿಯನ್ನು ಹುರಿಯುವಾಗ ಅಡುಗೆಮನೆ ತುಂಬುವ ವಾಸನೆ ಅದು. ಬಯಲಿನ ಸೆಕೆ, ದೊಡ್ಡ ಎಲೆಯ ಅಸ್ಸಾಮಿಕಾ ತಳಿ ಎರಡೂ ಸೇರಿ ಹಾಗಾಗುತ್ತದೆ.

ಡಾರ್ಜಿಲಿಂಗ್ ಬೇರೆಯೇ ಲೋಕ. ಚೀನಾದಿಂದ ಬಂದ ಸಣ್ಣೆಲೆಯ ತಳಿ ಅಸ್ಸಾಮಿನಲ್ಲಿ ಸೊರಗಿ ಈ ಚಳಿಯ ಇಳಿಜಾರಿನಲ್ಲಿ ನೆಲೆ ಕಂಡಿತು. ಮಾರ್ಚ್ ತಿಂಗಳ ಮೊದಲ ಫಸಲನ್ನು ಅಲ್ಲಿ ಎಷ್ಟು ಬಿರುಸಾಗಿ ಬಾಡಿಸುತ್ತಾರೆಂದರೆ ಕಿಣ್ವಕ್ಕೆ ತನ್ನ ಕೆಲಸ ಮುಗಿಸಲು ಬೇಕಾದ ತೇವವೇ ಉಳಿಯುವುದಿಲ್ಲ. ಎಲೆಯಲ್ಲಿ ಅರ್ಧ ಹಸಿರು ಹಾಗೇ ಇರುತ್ತದೆ. ಕಪ್ಪು ಚಹಾ ಎಂದು ಮಾರುತ್ತಾರೆ, ರಸ ತಿಳಿ ಜೇನಿನ ಬಣ್ಣ. ಜೂನ್ ಹೊತ್ತಿನ ಎರಡನೇ ಫಸಲಿನಲ್ಲಿ ಮಸ್ಕಟೆಲ್ ಎಂಬ ಹೆಸರುವಾಸಿ ದ್ರಾಕ್ಷಿಯ ಪರಿಮಳ ಬರುತ್ತದೆ. ಅದಕ್ಕೆ ಕಾರಣರಲ್ಲಿ ಒಬ್ಬ ಎಲೆಯ ರಸ ಹೀರುವ ಹಸಿರು ಜಿಗಿಹುಳು. ಕಚ್ಚಿಸಿಕೊಂಡ ಗಿಡ ತನ್ನನ್ನು ಕಾಪಾಡಿಕೊಳ್ಳಲು ಹುಟ್ಟಿಸುವ ಪದಾರ್ಥಗಳೇ ನಮಗೆ ಸುವಾಸನೆ. ಕಾರ್ಖಾನೆಗೆ ಬರುವ ಮೊದಲೇ ಎಲೆಗೆ ಬಿದ್ದ ಏಟು ಇದು, ಹುಳು ಕೊಟ್ಟದ್ದು. ಭಾರತದಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಮೊದಲು ಸಿಕ್ಕಿದ್ದು ಡಾರ್ಜಿಲಿಂಗ್ ಚಹಾಕ್ಕೇ. ವರ್ಷಕ್ಕೆ 1 ಕೋಟಿ ಕಿಲೋ ಕೂಡ ಬೆಳೆಯದ ಆ ಚಹಾದ ಹೆಸರಿನಲ್ಲಿ ಏನೇನೋ ಮಾರಾಟವಾಗುತ್ತದೆ. ನಾನೂ ಒಮ್ಮೆ ಅಂಗಡಿಯೊಂದರಲ್ಲಿ ಚೆಂದದ ಡಬ್ಬಿಗೆ ದುಬಾರಿ ತೆತ್ತು, ಮನೆಗೆ ಬಂದು ಬಸಿದರೆ ಬಸ್ ನಿಲ್ದಾಣದ ಟೀ ಇಳಿಯಿತು.

ಸಿಲೋನಿನದು ಕಾಫಿ ಸತ್ತ ಮೇಲೆ ಬೆಳೆದ ಚಹಾ. ಜೇಮ್ಸ್ ಟೇಲರ್ 1867ರಲ್ಲಿ ಕ್ಯಾಂಡಿಯ ಹತ್ತಿರ ಲೂಲೆಕಂದೆರಾದಲ್ಲಿ 19 ಎಕರೆ ಹಚ್ಚಿದ. ಎರಡೇ ವರ್ಷಕ್ಕೆ ಎಲೆ ತುಕ್ಕು ರೋಗ ಬಂದು, ದ್ವೀಪದ ಕಾಫಿ ತೋಟಗಳು ಒಂದೊಂದೇ ಮಲಗಿದವು. ಅದೇ ರೋಗ ನಮ್ಮ ಕೊಡಗು, ಚಿಕ್ಕಮಗಳೂರಿಗೂ ಬಂತು. ಮರದ ನೆರಳು, ಬೇರೆ ತಳಿ ಎಂದು ಹೆಣಗಿ ನಮ್ಮವರು ಕಾಫಿಯನ್ನು ಉಳಿಸಿಕೊಂಡರು. ಹಾಗಾಗಿ ಕರ್ನಾಟಕದಲ್ಲಿ ಚಹಾ ಎಂದರೆ ಚಿಕ್ಕಮಗಳೂರಿನ ಕೆಳಗೂರು, ಸಕಲೇಶಪುರದ ಕಡೆಯ ಕಾಡುಮನೆ ಹೀಗೆ ಬೆರಳೆಣಿಕೆಯ ತೋಟಗಳು. ಕಾಫಿ ಸೀಮೆಯಲ್ಲಿ ಅವು ನೆಂಟರ ಮನೆಗೆ ಬಂದವರಂತೆ ಇವೆ. ಸಿಲೋನಿನ ಊವಾ ಸೀಮೆಯ ಚಹಾದಲ್ಲಿ ಜುಲೈಯಿಂದ ಸೆಪ್ಟೆಂಬರಿನ ಒಣಗಾಳಿಗೆ ವಿಚಿತ್ರ ತಂಪು ಘಮ ಬರುತ್ತದೆ. ಅದು ಮಿಥೈಲ್ ಸ್ಯಾಲಿಸಿಲೇಟ್, ಮಂಡಿನೋವಿಗೆ ಹಚ್ಚುವ ಮುಲಾಮಿನಲ್ಲಿರುವ ಅದೇ ಪದಾರ್ಥ. ಗಿಡ ಸಂಕಟದಲ್ಲಿ ಅದನ್ನು ಹುಟ್ಟಿಸುತ್ತದೆ. ಮುಲಾಮು ಎಂದೆನೆಂದು ಹೆದರಬೇಡಿ, ಲೋಟದಲ್ಲಿ ಬಲು ಹಿತ.

ನೀಲಗಿರಿಯ ಚಹಾಕ್ಕೆ ಇಷ್ಟು ಬಿನ್ನಾಣವಿಲ್ಲ, ತಿಳಿಯಾದ ಹೂವಿನ ಘಮ, ಮೈ ಹಗುರ. ಅದರ ಗುಣ ಗೊತ್ತಾಗಬೇಕಾದರೆ ಆರಲು ಬಿಡಬೇಕು. ಗಟ್ಟಿ ಅಸ್ಸಾಮನ್ನು ಬಸಿದು ಆರಿಸಿದರೆ ರಸ ಬಗ್ಗಡವಾಗುತ್ತದೆ. ಕೆಫೀನು ಮತ್ತು ಆ ದೊಡ್ಡ ಅಣುಗಳು ತಂಪಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಹಾಗೆ. ಬಿಸಿ ಮಾಡಿದರೆ ಮತ್ತೆ ತಿಳಿ. ಒಳ್ಳೆಯ ನೀಲಗಿರಿ ಐಸ್ ಹಾಕಿದರೂ ಹೆಚ್ಚು ಕದಡುವುದಿಲ್ಲ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಈ ಪರೀಕ್ಷೆ ಮಾಡಲು ಹೋಗಬೇಡಿ. ಗಡಸು ನೀರಿನ ಸುಣ್ಣದಂಶ ಚಹಾದ ಜೊತೆ ಸೇರಿ ಮೇಲೆ ಎಣ್ಣೆಯಂಥ ಪೊರೆ ಕಟ್ಟುತ್ತದೆ, ಪುಡಿ ಸರಿಯಿಲ್ಲವೆಂದು ನಾವು ಅಂಗಡಿಯವನಿಗೆ ಬಯ್ಯುತ್ತೇವೆ.

ಮೊನ್ನೆ ಧಾರವಾಡಕ್ಕೆ ಹೋದಾಗ ಅದೇ ಹೋಟೆಲಿನಲ್ಲಿ ಬಿಡಿಸಿ ಹೇಳಿದೆ: ಹಾಲು ಬೇಡ, ಸಕ್ಕರೆ ಬೇಡ, ಬರೇ ಚಹಾ. ಹುಡುಗ ನನ್ನ ಮುಖ ನೋಡಿ, ‘ಯಾಕ್ರೀ ಸರ, ಹೊಟ್ಟಿ ಕೆಟ್ಟೈತೇನ್ರೀ?’ ಎಂದ. ಇಲ್ಲಪ್ಪ ಎಂದರೂ ನಂಬಲಿಲ್ಲ. ತರುವಾಗ ಬಸಿಯಲ್ಲಿ ಅರ್ಧ ನಿಂಬೆಹಣ್ಣು ಇಟ್ಟು ತಂದ. ಕಪ್ಪಿನಲ್ಲಿದ್ದದ್ದು ಇದ್ದಿಲಿನ ಬಣ್ಣದ ಡಸ್ಟ್ ಡಿಕಾಕ್ಷನ್. ನಾನು ಸುಮ್ಮನಿದ್ದದ್ದು ಕಂಡು ತಾನೇ ನಿಂಬೆ ಹಿಂಡಿದ. ಥಿಯಾರುಬಿಜಿನ್ ಹುಳಿಗೆ ಸೋಲುವ ಬಣ್ಣ, ಹನಿ ಬೀಳುತ್ತಲೇ ಇದ್ದಿಲು ಹೋಗಿ ಕೆಂಪಾಯಿತು, ಕೆಂಪು ತೆಳುವಾಗಿ ಹೊನ್ನಾಯಿತು. ‘ನೋಡ್ರಿ, ಹೆಂಗ ತಿಳಿ ಆತು’ ಎಂದ. ‘ಕುಡೀರಿ, ಸಂಜೀಮಟ ಹೊಟ್ಟಿ ಕಡೆ ನೋಡಬ್ಯಾಡ್ರಿ.’